ಡಚ್ ನಗರಗಳಲ್ಲಿ ಬೈಸಿಕಲ್ ಹಾದಿಗಾಗಿ ನಡೆದ ಸ್ಥಳೀಯ ಚಳವಳಿಗಳು

ನೆದರ್ಲೆಂಡ್ಸ್ ದೇಶವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಮೂರು ಸಂಗತಿಗಳನ್ನು ಹೇಳದೆ ಬಿಡುವುದಿಲ್ಲ: ಸಮುದ್ರವನ್ನು ತಡೆದು ನಿಲ್ಲಿಸಿರುವ ಒಡ್ಡುಗಳು, ಗಾಳಿಗಿರಣಿಗಳು ಮತ್ತು ಬೈಸಿಕಲ್ಲುಗಳು. ಇವುಗಳಲ್ಲಿ ಮೊದಲಿನ ಎರಡು ಆ ಜನರ ಶತಮಾನಗಳ ಪರಿಶ್ರಮದ ಫಲವೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಮೂರನೆಯದನ್ನು ಮಾತ್ರ ಪ್ರಕೃತಿ ಕೊಟ್ಟ ವರವೆಂಬಂತೆ ವರ್ಣಿಸುವುದು ವಾಡಿಕೆಯಾಗಿದೆ. ನೆಲ ಮಟ್ಟಸವಾಗಿದೆ, ಊರುಗಳು ಒಂದಕ್ಕೊಂದು ಸಮೀಪವಾಗಿವೆ, ಜನ ಮಿತವ್ಯಯಿಗಳು. ಆದುದರಿಂದ ಅವರು ಬೈಸಿಕಲ್ ತುಳಿಯುತ್ತಾರೆ, ಆದುದರಿಂದಲೇ ಅಲ್ಲಿ ಇಂದು 35,000 ಕಿಲೋಮೀಟರಿಗೂ ಮಿಕ್ಕಿದ ಬೈಸಿಕಲ್ ಹಾದಿಗಳಿವೆ ಎಂಬುದು ಈ ವಾದದ ಸರಣಿ.

ಈ ವಾದಕ್ಕೆ ಇತಿಹಾಸದ ಬೆಂಬಲವಿಲ್ಲ. 1950ರಲ್ಲಿಯೂ ಆ ನೆಲ ಮಟ್ಟಸವಾಗಿಯೇ ಇತ್ತು, 1970ರಲ್ಲಿಯೂ ಹಾಗೆಯೇ ಇತ್ತು. ಆದರೆ ಈ ಇಪ್ಪತ್ತು ವರ್ಷಗಳ ಅವಧಿಯಲ್ಲಿ ಡಚ್ ನಗರಗಳ ಬೀದಿಗಳಲ್ಲಿ ಬೈಸಿಕಲ್ಲಿನ ಪಾಲು ವರ್ಷದಿಂದ ವರ್ಷಕ್ಕೆ ಕುಗ್ಗುತ್ತ ಬಂದಿತು. ಇದೇ ಗತಿ ಮುಂದುವರಿದಿದ್ದರೆ ಆಮ್‌ಸ್ಟರ್‌ಡಾಮ್ ನಗರವೂ ಪಶ್ಚಿಮ ಯೂರೋಪಿನ ಇತರ ಹತ್ತಾರು ನಗರಗಳ ಹಾಗೆ ಮೋಟಾರು ವಾಹನಗಳ ನಗರವಾಗುತ್ತಿತ್ತೆಂದು ಊಹಿಸಲು ಅಡ್ಡಿಯಿಲ್ಲ. ಎರಡನೆಯ ವಿವರಣೆಯೊಂದಿದೆ. 1973ರ ತೈಲದ ಮುಗ್ಗಟ್ಟು ಡಚ್ಚರನ್ನು ಮತ್ತೆ ಬೈಸಿಕಲ್ಲಿಗೆ ಏರಿಸಿತೆಂದು ಅದು ಹೇಳುತ್ತದೆ. ಇದು ಮೊದಲಿನದಕ್ಕಿಂತ ವಾಸಿ. ಏಕೆಂದರೆ ಇದಕ್ಕೆ ಒಂದು ದಿನಾಂಕವಾದರೂ ಉಂಟು. ಆದರೆ ಆ ದಿನಾಂಕವೇ ಈ ವಿವರಣೆಗೆ ಪ್ರತಿಕೂಲವಾಗಿದೆ ಎಂಬುದನ್ನು ಮುಂದೆ ತೋರಿಸುವೆವು. ಸುರಕ್ಷಿತವಾದ ಹಾದಿಗಳಿಗಾಗಿ ಕೇರಿಕೇರಿಗಳಲ್ಲಿ ನಡೆದ ಚಳವಳಿಗಳು, ಅವುಗಳ ಒತ್ತಾಯಕ್ಕೆ ನಗರಸಭೆಗಳು ಕೊಟ್ಟ ಉತ್ತರ, ಇವೆರಡೇ ಆ ದೇಶದ ಬೀದಿಗಳ ದಿಕ್ಕನ್ನು ತಿರುಗಿಸಿದವು ಎಂಬುದು ನಮ್ಮ ಅಭಿಪ್ರಾಯ. ಇನ್ನೊಂದು ಮಾತನ್ನೂ ಆರಂಭದಲ್ಲಿಯೇ ಹೇಳಿಬಿಡಬೇಕು. ಆ ಚಳವಳಿಗಳು ಬೈಸಿಕಲ್ಲಿನ ಹೆಸರಿನಲ್ಲಿ ಆರಂಭವಾದವುಗಳಲ್ಲ. ಸತ್ತ ಮಕ್ಕಳ ಹೆಸರಿನಲ್ಲಿ ಆರಂಭವಾದವು.

ಹಿನ್ನೆಲೆಯನ್ನು ಸ್ವಲ್ಪ ನೋಡಬೇಕು. ಡಚ್ ಬೈಸಿಕಲ್ ಸವಾರರ ಸಂಘ 1883ರಲ್ಲಿ ಉಟ್ರೆಕ್ಟ್ ನಗರದಲ್ಲಿ ಹುಟ್ಟಿತು. ಎರಡು ವರ್ಷಗಳ ತರುವಾಯ ಎ.ಎನ್.ಡಬ್ಲ್ಯು.ಬಿ. ಎಂಬ ಹೆಸರನ್ನು ತಳೆಯಿತು. 'ಸಮಸ್ತ ನೆದರ್ಲೆಂಡ್ಸಿನ ಬೈಸಿಕಲ್ ಸವಾರರ ಒಕ್ಕೂಟ' ಎಂಬುದು ಆ ಅಕ್ಷರಗಳ ಅರ್ಥ. ದೇಶದ ಮೊತ್ತಮೊದಲನೆಯ ಬೈಸಿಕಲ್ ಹಾದಿಯೆಂದು ಎಣಿಸಲಾಗುವ ಮಾಲೀಬಾನ್ ಹಾದಿಯೂ ಅದೇ ಉಟ್ರೆಕ್ಟಿನಲ್ಲಿ 1885ರಲ್ಲಿ ಏರ್ಪಟ್ಟಿತು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಿಂದ ಅಲ್ಲಲ್ಲಿ ಸ್ಥಳೀಯ ಹಾದಿಸಂಘಗಳು ಕಾಣಿಸಿಕೊಂಡವು. ಸದಸ್ಯರಿಂದ ವಂತಿಗೆ ಎತ್ತಿ ಕುರುಚಲು ಬಯಲುಗಳ ನಡುವೆ, ಕಾಡಿನ ಅಂಚಿನಲ್ಲಿ, ಕಿರಿದಾದ ಹಾದಿಗಳನ್ನು ಹಾಕಿಸುವುದು ಇವುಗಳ ಕೆಲಸ. ಎ.ಎನ್.ಡಬ್ಲ್ಯು.ಬಿ. ಸಂಘ 1919ರಿಂದ ನೆಡಿಸುತ್ತ ಬಂದ ಅಣಬೆಯ ಆಕಾರದ ಮೋಟು ಕೈಮರಗಳು ಈ ಬಗೆಯ ಹಾದಿಗಳಲ್ಲಿ ಇಂದಿಗೂ ನೋಡಸಿಗುತ್ತವೆ. ಇವೆಲ್ಲ ವಿಹಾರಕ್ಕಾಗಿ ಮಾಡಿಕೊಂಡ ಏರ್ಪಾಡುಗಳು. ದಿನಬೆಳಗಾದರೆ ಕಾರ್ಖಾನೆಗೆ ಹೋಗುವ ಕೆಲಸಗಾರನಿಗೂ ಇವುಗಳಿಗೂ ಸಂಬಂಧ ಅಷ್ಟಕ್ಕಷ್ಟೆ.

ಆ ಕೆಲಸಗಾರನ ಸಂಬಂಧ ಬೇರೊಂದು ಬಗೆಯದು. 1924ರಲ್ಲಿ ಡಚ್ ಸರ್ಕಾರ ಬೈಸಿಕಲ್ಲುಗಳ ಮೇಲೆ ವರ್ಷಕ್ಕೆ ಮೂರು ಗಿಲ್ಡರುಗಳ ತೆರಿಗೆಯನ್ನು ವಿಧಿಸಿತು. ತೆರಿಗೆ ಕೊಟ್ಟುದರ ಗುರುತಾಗಿ ತಾಮ್ರದ ಬಣ್ಣದ ಬಿಲ್ಲೆಯೊಂದನ್ನು ಬೈಸಿಕಲ್ಲಿಗೆ ಕಟ್ಟಿಕೊಳ್ಳಬೇಕಾಗಿತ್ತು. (ನಮ್ಮ ಪುರಸಭೆಗಳೂ ಒಂದು ಕಾಲದಲ್ಲಿ ಬೈಸಿಕಲ್ಲಿಗೆ ತೆರಿಗೆ ಹಾಕಿ ಬಿಲ್ಲೆ ಕೊಡುತ್ತಿದ್ದುದನ್ನು ಹಿರಿಯ ವಾಚಕರು ಬಲ್ಲರು.) ನಿರುದ್ಯೋಗಿಗಳಿಗೆ ಬಿಲ್ಲೆ ಪುಕ್ಕಟೆಯಾಗಿ ದೊರೆಯುತ್ತಿತ್ತು, ಆದರೆ ಅದರ ನಡುವೆ ತೂತು ಕೊರೆದಿರುತ್ತಿತ್ತು. ಹೀಗೆ ಬಡವನ ಬಡತನವನ್ನು ಬೀದಿಯಲ್ಲಿ ಎಲ್ಲರೂ ಕಾಣುವಂತೆ ಮಾಡಿದ ಏರ್ಪಾಡನ್ನು ಜನ ಬಹುಕಾಲ ಮರೆಯಲಿಲ್ಲ. ಈ ತೆರಿಗೆಯ ಉತ್ಪನ್ನ ರಸ್ತೆಗಳ ನಿಧಿಗೆ ಸೇರುತ್ತಿತ್ತು. ಆ ನಿಧಿಯಿಂದ ಕಟ್ಟಿದುದು ಬಹುಮಟ್ಟಿಗೆ ಮೋಟಾರು ರಸ್ತೆಗಳನ್ನು. ಅಂದರೆ, ದೇಶದ ಹೆದ್ದಾರಿಗಳಿಗೆ ಬೈಸಿಕಲ್ ತುಳಿಯುವವನೂ ಹಣ ತೆತ್ತಿದ್ದಾನೆ. ಬೈಸಿಕಲ್ ಸವಾರರು ರಸ್ತೆಯ ಮೇಲೆ ಹಕ್ಕು ಕೇಳುವುದು ಬಿಟ್ಟಿ ಬೇಡಿಕೆಯೆಂದು ಹಲವು ದೇಶಗಳಲ್ಲಿ ಆಡುವ ಮಾತಿಗೆ ಈ ಒಂದು ಸಂಗತಿ ಸಾಕಾದಷ್ಟು ಉತ್ತರವಾಗಿದೆ. ತೆರಿಗೆ ರದ್ದಾದುದು 1941ರಲ್ಲಿ, ಜರ್ಮನರ ಆಕ್ರಮಣದ ಆಡಳಿತದಲ್ಲಿ.

ಯುದ್ಧಾನಂತರದ ಪುನರ್ನಿರ್ಮಾಣದ ಕಾಲದಲ್ಲಿ ಸಂಪತ್ತು ಹೆಚ್ಚಿತು. ಸಂಪತ್ತಿನೊಡನೆ ಮೋಟಾರು ಕಾರು ಬಂದಿತು. ಎ.ಎನ್.ಡಬ್ಲ್ಯು.ಬಿ. ಸಂಘ ಆ ಹೊತ್ತಿಗೆ ಪ್ರಧಾನವಾಗಿ ಮೋಟಾರು ಪ್ರವಾಸಿಗಳ ಸಂಘವಾಗಿ ಮಾರ್ಪಟ್ಟಿತ್ತು. ಹೆಸರಿನಲ್ಲಿ ಮಾತ್ರ ಬೈಸಿಕಲ್ ಸವಾರ ಉಳಿದುಕೊಂಡಿದ್ದ. ಆಮ್‌ಸ್ಟರ್‌ಡಾಮಿನ ಪೋಲೀಸ್ ಮುಖ್ಯಾಧಿಕಾರಿ ಕಾಸ್‌ಯಾಗರ್ 1954ರಲ್ಲಿ ನಗರದ ಹಳೆಯ ಕಾಲುವೆಗಳಲ್ಲಿ ಕೆಲವನ್ನು ಮುಚ್ಚಿ ವಾಹನಗಳಿಗೆ ದಾರಿಮಾಡಬೇಕೆಂದು ಸೂಚಿಸಿದ. ಪೌರರು ಇದನ್ನು ಪ್ರಬಲವಾಗಿ ವಿರೋಧಿಸಿದುದರಿಂದ ಸೂಚನೆ ಬಿದ್ದುಹೋಯಿತು. 1967ರಲ್ಲಿ ಡೇವಿಡ್ ಯೋಕಿನೆನ್ ಎಂಬ ಅಮೆರಿಕದ ತಜ್ಞ ಇನ್ನೂ ಮುಂದೆ ಹೋದ. ನಗರಕ್ಕೆ ಒಂದು ಅವಕಾಶ ಕೊಡಿರೆಂಬ ಅರ್ಥದ ಶೀರ್ಷಿಕೆಯಿದ್ದ ಆತನ ಯೋಜನೆಯಲ್ಲಿ ಅಗಲವಾದ ಮೋಟಾರು ರಸ್ತೆ ನಗರದ ಒಡಲನ್ನು ಹೊಕ್ಕು ಬರುವುದೂ, ಅದಕ್ಕೆ ಎಡೆಮಾಡಲು ಕೆಲಸಗಾರರ ಹಳೆಯ ವಸತಿಗಳನ್ನು ಕೆಡವುವುದೂ ಸೇರಿದ್ದವು. ಹಾಗೆ ಕೆಡವಬೇಕೆಂದು ಗುರುತಿಸಲಾಗಿದ್ದ ವಸತಿಗಳಲ್ಲಿ ಡ ಪೈಪ್ ಎಂಬ ಕೇರಿಯೂ ಒಂದು. ಈ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಈ ನಡುವೆ 1965ರಲ್ಲಿ ಪ್ರೋವೋ ಎಂಬ ತರುಣರ ಗುಂಪು 'ಬಿಳಿಯ ಬೈಸಿಕಲ್ ಯೋಜನೆ'ಯನ್ನು ಹೊರಡಿಸಿತು. ನಗರದ ಮಧ್ಯಭಾಗದಲ್ಲಿ ಕಾರುಗಳನ್ನು ನಿಷೇಧಿಸಬೇಕು, ನಗರಸಭೆ ಸಾವಿರಾರು ಬಿಳಿಯ ಬೈಸಿಕಲ್ಲುಗಳನ್ನು ಎಲ್ಲರ ಉಪಯೋಗಕ್ಕಾಗಿ ಬೀದಿಯಲ್ಲಿ ಇಡಬೇಕು ಎಂಬುದು ಲ್ಯೂಡ್ ಸ್ಖಿಮ್ಮೆಲ್‌ಪೆನಿಂಕ್ ಎಂಬಾತನ ಕಲ್ಪನೆ. ಪ್ರೋವೋಗಳು ಬಿಳಿಯ ಬಣ್ಣ ಬಳಿದು ಬೀದಿಯಲ್ಲಿಟ್ಟ ಕೆಲವು ಬೈಸಿಕಲ್ಲುಗಳನ್ನು ಪೋಲೀಸರು ಎತ್ತಿಕೊಂಡು ಹೋದರು. ಬೀಗವಿಲ್ಲದೆ ಬೈಸಿಕಲ್ ಬಿಡುವುದು ಕಾನೂನಿಗೆ ವಿರುದ್ಧವೆಂಬುದು ಕಾರಣ. 1966ರ ಚುನಾವಣೆಯಲ್ಲಿ ಈ ಗುಂಪಿಗೆ ನಗರಸಭೆಯಲ್ಲಿ ಒಂದು ಸ್ಥಾನವೂ ದೊರೆಯಿತು. ಜನಪ್ರಿಯ ಬರಹಗಳಲ್ಲಿ ಪ್ರೋವೋಗಳೇ ಡಚ್ ಬೈಸಿಕಲ್ ಚಳವಳಿಯ ಜನಕರೆಂದು ಹೇಳುವುದುಂಟು. ಇದು ಅತ್ಯುಕ್ತಿಯೆಂದು ತೋರುತ್ತದೆ. ಅವರು ಕಾರನ್ನು ಹಾಸ್ಯಾಸ್ಪದವಾಗಿ ಮಾಡಿದರು, ನಿಜ. ಆದರೆ ಒಂದು ಬೀದಿಯ ಒಂದು ತಿರುವನ್ನಾದರೂ ಬದಲಾಯಿಸಿದವರಲ್ಲ. ಬೀದಿ ಬದಲಾಗಲು ಬೇರೆಯವರು ಬರಬೇಕಾಯಿತು.

1971ರಲ್ಲಿ ನೆದರ್ಲೆಂಡ್ಸಿನ ರಸ್ತೆಗಳಲ್ಲಿ ಸತ್ತವರ ಸಂಖ್ಯೆ ಮೂರು ಸಾವಿರಕ್ಕೂ ಮಿಕ್ಕಿತು. ಆಗ ದೇಶದ ಜನಸಂಖ್ಯೆ ಸುಮಾರು 1 ಕೋಟಿ 30 ಲಕ್ಷ. ಸತ್ತವರಲ್ಲಿ 400ಕ್ಕೂ ಹೆಚ್ಚು ಮಂದಿ ಹದಿನಾಲ್ಕು ವರ್ಷಕ್ಕಿಂತ ಚಿಕ್ಕವರು. ಶಾಲೆಗೆ ಹೋಗುವಾಗ, ಬರುವಾಗ, ಮನೆಯ ಮುಂದೆ ಆಡುವಾಗ ಸತ್ತವರು. ಸರಾಸರಿ ತೆಗೆದರೆ ದಿನಕ್ಕೆ ಒಂದು ಮಗುವಿಗಿಂತಲೂ ಹೆಚ್ಚಾಗುತ್ತದೆ.

ಆ ವರ್ಷ ಸತ್ತ ಮಕ್ಕಳಲ್ಲಿ ವಿಕ್ ಲಾಂಗೆನ್‌ಹಾಫ್ ಎಂಬ ಪತ್ರಿಕೋದ್ಯೋಗಿಯ ಆರು ವರ್ಷದ ಮಗಳೂ ಒಬ್ಬಳು. ಆಕೆ ಬೈಸಿಕಲ್ಲಿನಲ್ಲಿ ಶಾಲೆಗೆ ಹೋಗುತ್ತಿದ್ದಳು. ಲಾಂಗೆನ್‌ಹಾಫ್ 'ಡ ಟೈಡ್' ಎಂಬ ದಿನಪತ್ರಿಕೆಯಲ್ಲಿ ಕೆಲಸಮಾಡುತ್ತಿದ್ದ. 1972ರ ಸೆಪ್ಟೆಂಬರಿನಲ್ಲಿ ಆತ ಆ ಪತ್ರಿಕೆಯಲ್ಲಿ ಒಂದು ಲೇಖನ ಬರೆದು, ಪಾಲಕರು ಸಂಘಟಿತರಾಗಬೇಕೆಂದು ಕರೆಕೊಟ್ಟ. ಲೇಖನದ ಶೀರ್ಷಿಕೆ 'ಸ್ಟಾಪ್ ಡ ಕಿಂಡರ್‌ಮೋರ್ಡ್' ಎಂದು. 'ಮಕ್ಕಳ ಕೊಲೆಯನ್ನು ನಿಲ್ಲಿಸಿ' ಎಂದು ಇದರ ಅರ್ಥ.

ಈ ಶೀರ್ಷಿಕೆಯ ಬಳಿ ನಾವು ಸ್ವಲ್ಪ ನಿಲ್ಲಬೇಕು. ಡಚ್ ಭಾಷೆಯಲ್ಲಿ ರಸ್ತೆಯ ಅಪಘಾತಕ್ಕೆ ಬಳಕೆಯಲ್ಲಿರುವ ಸಾಮಾನ್ಯ ಶಬ್ದ 'ಒಂಗೆಲುಕ್'. ಅಕ್ಷರಶಃ ತೆಗೆದರೆ ಅದೃಷ್ಟವಿಲ್ಲದಿರುವುದು, ದುರ್ದೈವ ಎಂದೇ ಅದರ ಅರ್ಥವಾಗುತ್ತದೆ. ದುರ್ದೈವಕ್ಕೆ ಕರ್ತೃವಿಲ್ಲ, ಅದನ್ನು ಸಹಿಸಬಹುದು, ವಿಚಾರಣೆಗೆ ಎಳೆಯಲಾಗದು. ಕೊಲೆ ಎಂಬ ಶಬ್ದ ಹಾಗಲ್ಲ. ಕೊಲೆಯಾಯಿತೆಂದರೆ ಕೊಂದವರು ಯಾರೆಂಬ ಪ್ರಶ್ನೆ ಒಡನೆಯೇ ಏಳುತ್ತದೆ. ಅಲ್ಲದೆ 'ಡ ಟೈಡ್' ಕ್ಯಾಥೊಲಿಕ್ ಪರಂಪರೆಯ ಪತ್ರಿಕೆ. ಡಚ್ ಕ್ರೈಸ್ತರಿಗೆ 'ಕಿಂಡರ್‌ಮೋರ್ಡ್' ಎಂದೊಡನೆ ಬೆತ್ಲೆಹೇಮಿನ ಹಸುಗೂಸುಗಳನ್ನು ಕೊಲ್ಲಿಸಿದ ಹೆರೋದ ಅರಸನ ಕಥೆ ನೆನಪಾಗುತ್ತದೆ. ಹಾಗಾದರೆ ಇಲ್ಲಿ ಹೆರೋದ ಯಾರು? ಕಾರು ನಡೆಸಿದವನೊಬ್ಬನೇ ಅಲ್ಲ. ರಸ್ತೆಯನ್ನು ಹಾಗೆ ಕಟ್ಟಿದವರೂ, ಹಾಗೆ ಕಟ್ಟಲು ಒಪ್ಪಿಗೆ ಕೊಟ್ಟವರೂ ಆ ಪ್ರಶ್ನೆಯ ವ್ಯಾಪ್ತಿಗೆ ಬಂದರು. ಒಂದು ಶಬ್ದದ ಆಯ್ಕೆಯಿಂದ ಹೊಣೆಗಾರಿಕೆ ದೈವದಿಂದ ಆಡಳಿತಕ್ಕೆ ವರ್ಗವಾಯಿತು.

ಈ ಹೆಸರಿನಿಂದಲೇ ರೂಪುಗೊಂಡ ಸಂಘಕ್ಕೆ ಆಮ್‌ಸ್ಟರ್‌ಡಾಮಿನ ತರುಣಿ ತಾಯಿ ಮಾರ್ತ್ಯೆ ಫಾನ್ ಪುಟನ್ ಮೊದಲ ಅಧ್ಯಕ್ಷೆಯಾದಳು. (ಈಕೆ ಮುಂದೆ 1989ರಿಂದ ಹತ್ತು ವರ್ಷ ಯೂರೋಪಿನ ಪಾರ್ಲಿಮೆಂಟಿನ ಸದಸ್ಯೆಯಾಗಿದ್ದಳು.) ದೇಶದ ನಾನಾ ಊರುಗಳಲ್ಲಿ ಶಾಖೆಗಳು ಹುಟ್ಟಿದವು. ಅವರು ಅನುಸರಿಸಿದ ಕ್ರಮಗಳು ಸರಳವಾದುವು. ಮಕ್ಕಳು ಸತ್ತ ಕೂಡುದಾರಿಗಳಲ್ಲಿ ನಿಂತು ವಾಹನಗಳನ್ನು ತಡೆದರು. ಒಂದು ದಿನದ ಮಟ್ಟಿಗೆ ಬೀದಿಯನ್ನು ಮುಚ್ಚಿ ಮಕ್ಕಳಿಗೆ ಆಡಲು ಬಿಟ್ಟರು. ಬೀದಿಯ ನಡುವೆ ಮೇಜು ಹಾಕಿ ನೆರೆಹೊರೆಯವರು ಕೂಡಿ ಊಟಮಾಡಿದರು. ಮಕ್ಕಳನ್ನು ಬೈಸಿಕಲ್ಲುಗಳ ಮೇಲೆ ಕರೆದುಕೊಂಡು ಪ್ರಧಾನಮಂತ್ರಿ ಯೋಪ್ ಡೆನ್ ಔಲ್ ಅವರ ಮನೆಯ ಮುಂದೆ ನಿಂತು ಹಾಡಿಸಿದರು. ಪ್ರಧಾನಿ ಹೊರಗೆ ಬಂದು ಕೇಳಿದರು. ಬೀದಿಯಲ್ಲಿ ಕುಳಿತು ಊಟಮಾಡುವುದರಲ್ಲಿ ರಾಜಕೀಯವೇನಿದೆ ಎಂದು ಕೇಳಬಹುದು. ಬೀದಿ ವಾಹನಗಳು ಹಾದುಹೋಗುವುದಕ್ಕೆ ಮಾತ್ರ ಇರುವ ಸ್ಥಳವಲ್ಲ, ಅಲ್ಲಿ ವಾಸಿಸುವವರಿಗೂ ಅದರಲ್ಲಿ ಪಾಲುಂಟು ಎಂಬ ವಾದವನ್ನು ಭಾಷಣವಿಲ್ಲದೆ ಮಂಡಿಸುವ ರೀತಿ ಅದು.

ಡ ಪೈಪ್ ಕೇರಿಯ ಪ್ರಸಂಗ ಇದಕ್ಕೆ ಒಳ್ಳೆಯ ನಿದರ್ಶನ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಟ್ಟಿದ ಇಕ್ಕಟ್ಟಾದ ವಸತಿ. ಎತ್ತರದ ಮನೆಗಳ ಸಾಲು, ನಡುವೆ ಕಿರಿದಾದ ಬೀದಿ, ಬೀದಿಯ ಎರಡು ಪಕ್ಕಗಳಲ್ಲಿಯೂ ನಿಂತ ಕಾರುಗಳು. ಮಕ್ಕಳಿಗೆ ಆಡಲು ಅಂಗಳವೂ ಇಲ್ಲ, ಬಯಲೂ ಇಲ್ಲ. 1972ರಲ್ಲಿ ಡಚ್ ದೂರದರ್ಶನದವರು ತೆಗೆದ ಒಂದು ಸಾಕ್ಷ್ಯಚಿತ್ರದಲ್ಲಿ ಈ ಕೇರಿಯ ಶಾಲೆಯ ಮಕ್ಕಳೇ ತಮ್ಮ ಪಾಡನ್ನು ಹೇಳಿಕೊಳ್ಳುತ್ತಾರೆ. ಅವರು ಮನೆಮನೆಗೂ ಹೋಗಿ ರುಜು ಸಂಗ್ರಹಿಸುತ್ತಾರೆ. ಒಂದು ಬೀದಿಗೆ ಅಡ್ಡಗಟ್ಟೆ ಹಾಕುತ್ತಾರೆ. ಕಾರಿನವರು ಇಳಿದುಬಂದು ಅಡ್ಡಗಟ್ಟೆಯನ್ನು ಕೀಳುತ್ತಾರೆ. ಹಿರಿಯರ ನಡುವೆ ಕೈಮಿಲಾಯಿಸುವವರೆಗೆ ಜಗಳ ಏಳುತ್ತದೆ. ಇತಿಹಾಸದ ಸಾಮಗ್ರಿಯಾಗಿ ಈ ಚಿತ್ರಕ್ಕೆ ವಿಶೇಷ ಬೆಲೆಯಿದೆ. ಇಂದು ಡಚ್ಚರು ಹುಟ್ಟಿನಿಂದಲೇ ಬೈಸಿಕಲ್ಲಿನ ಪಕ್ಷಪಾತಿಗಳು ಎನ್ನುವವರು, ಮಕ್ಕಳು ಕಟ್ಟಿದ ತಡೆಯನ್ನು ಎತ್ತಿ ಎಸೆಯುವ ಆ ಡಚ್ಚರ ಮುಖಗಳನ್ನು ಒಮ್ಮೆ ನೋಡಬೇಕು. ಅದು ಒಮ್ಮತದ ಸಮಾಜವಾಗಿರಲಿಲ್ಲ. ಪ್ರತಿಯೊಂದು ಬೀದಿಯಲ್ಲಿಯೂ ಎರಡು ಪಕ್ಷಗಳಿದ್ದವು. ಎರಡೂ ಅದೇ ಬೀದಿಯ ನಿವಾಸಿಗಳದೇ ಆಗಿದ್ದವು.

ಇನ್ನು ತೈಲದ ಮುಗ್ಗಟ್ಟು. ಅರಬ್ ರಾಷ್ಟ್ರಗಳು ತೈಲ ಸರಬರಾಜನ್ನು ತಡೆಹಿಡಿದುದರಿಂದ ಡಚ್ ಸರ್ಕಾರ 1973ರ ನವೆಂಬರ್ 4ರಿಂದ ಭಾನುವಾರಗಳಂದು ಖಾಸಗಿ ಕಾರುಗಳ ಓಡಾಟವನ್ನು ನಿಷೇಧಿಸಿತು. 1974ರ ಜನವರಿಯ ಆರಂಭದವರೆಗೆ ಈ ನಿಷೇಧ ಮುಂದುವರಿಯಿತು. ಬರಿದಾದ ಹೆದ್ದಾರಿಗಳಲ್ಲಿ ಜನ ಬೈಸಿಕಲ್ ತುಳಿಯುವ, ಚಕ್ರಪಾದುಕೆ ತೊಟ್ಟು ಜಾರುವ ಚಿತ್ರಗಳು ಲೋಕಪ್ರಸಿದ್ಧವಾಗಿವೆ. ಆದರೆ ಕಾಲಾನುಕ್ರಮ ನೋಡಿ: ಲಾಂಗೆನ್‌ಹಾಫ್‌ನ ಲೇಖನ ಬಂದುದು ಇದಕ್ಕೆ ಒಂದು ವರ್ಷಕ್ಕೂ ಹಿಂದೆ, ಡ ಪೈಪ್ ಮಕ್ಕಳು ಬೀದಿಗಿಳಿದುದೂ ಹಿಂದೆಯೇ. ಅದೇ ಮುಗ್ಗಟ್ಟು ಪಶ್ಚಿಮ ಜರ್ಮನಿಯನ್ನೂ ತಟ್ಟಿತು. ಅಲ್ಲಿಯೂ ಕೆಲವು ಭಾನುವಾರಗಳು ಕಾರಿಲ್ಲದೆ ಕಳೆದವು. ಆದರೆ ಅಲ್ಲಿನ ನಗರಗಳು ಅದೇ ದಾರಿ ಹಿಡಿಯಲಿಲ್ಲ. ಕಾರಿಲ್ಲದ ಬೀದಿ ಹೇಗಿರುತ್ತದೆಂಬುದನ್ನು ಆ ಭಾನುವಾರಗಳು ಇಡೀ ದೇಶಕ್ಕೆ ಒಮ್ಮೆಗೆ ತೋರಿಸಿಕೊಟ್ಟವು. ಚಳವಳಿಗೆ ಇದರಿಂದ ಬಲ ಬಂದಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮೊದಲೇ ಹರಿಯುತ್ತಿದ್ದ ನೀರಿಗೆ ಮಳೆ ಸೇರಿದಂತೆ ಅದು, ಮಳೆಯೇ ಹೊಳೆಯಲ್ಲ.

ಬೈಸಿಕಲ್ಲಿಗೆ ತನ್ನದೇ ಆದ ಸಂಘ ದೊರೆತುದು 1975ರಲ್ಲಿ. ಅದರ ಸ್ಥಾಪಕರು ಹಳೆಯ ಎ.ಎನ್.ಡಬ್ಲ್ಯು.ಬಿ.ಯನ್ನು ಅಣಕಿಸುವಂತೆ 'ಏಕೈಕ ನಿಜವಾದ ನೆದರ್ಲೆಂಡ್ಸ್ ಬೈಸಿಕಲ್ ಸವಾರರ ಒಕ್ಕೂಟ' ಎಂದು ಹೆಸರಿಟ್ಟುಕೊಂಡರು. ಆ ದೊಡ್ಡ ಸಂಘ ಈ ಹೆಸರಿಗೆ ಆಕ್ಷೇಪಿಸಿ ಅದನ್ನು ಬದಲಾಯಿಸುವಂತೆ ಮಾಡಿತು. ಇಂದು ಇದು ಫೀಟ್ಸರ್ಸ್‌ಬೊಂಡ್, ಅಂದರೆ ಬೈಸಿಕಲ್ ಸವಾರರ ಸಂಘ, ಎಂದು ಪ್ರಸಿದ್ಧವಾಗಿದೆ. ತನ್ನ ಪತ್ರಿಕೆಗೆ ಅದು 'ಫೋಗೆಲ್‌ಫ್ರೈಯೆ ಫೀಟ್ಸರ್' ಎಂಬ ಹೆಸರನ್ನಿಟ್ಟಿತು. ಕಾನೂನಿನ ರಕ್ಷಣೆಗೆ ಹೊರಗಾದವನು, ಯಾರು ಬೇಕಾದರೂ ಕೊಲ್ಲಬಹುದಾದವನು ಎಂಬ ಅರ್ಥ ಆ ವಿಶೇಷಣಕ್ಕಿದೆ. ಹಕ್ಕಿಯಂತೆ ಸ್ವತಂತ್ರ ಎಂಬ ಅರ್ಥವನ್ನೂ ಅಕ್ಷರಗಳು ಸೂಚಿಸುತ್ತವೆ. ಹೆಸರಿಡುವುದರಲ್ಲಿ ಈ ಜನ ನಿಪುಣರೆಂದು ಒಪ್ಪಲೇಬೇಕು.

ಸಂಘದ ನಿಜವಾದ ಸತ್ತ್ವ ಇದ್ದುದು ಅದರ ಊರೂರಿನ ಶಾಖೆಗಳಲ್ಲಿ. ಮೆರವಣಿಗೆಗಳು ನಡೆದವು, ಆಮ್‌ಸ್ಟರ್‌ಡಾಮಿನಲ್ಲಿ ಸಾವಿರಾರು ಮಂದಿ ಬೈಸಿಕಲ್ಲುಗಳೊಡನೆ ವಸ್ತುಸಂಗ್ರಹಾಲಯದ ಮುಂದಿನ ಮೈದಾನಕ್ಕೆ ಬಂದು ನೆಲದ ಮೇಲೆ ಮಲಗಿ ರಸ್ತೆಯಲ್ಲಿ ಸತ್ತವರನ್ನು ನೆನಪಿಗೆ ತಂದರು. ಇವು ಚಿತ್ರಗಳಲ್ಲಿ ಉಳಿದಿವೆ. ಚಿತ್ರಗಳಲ್ಲಿ ಉಳಿಯದ ಕೆಲಸ ಇನ್ನೊಂದು. ಶಾಖೆಯ ಸದಸ್ಯರು ತಮ್ಮ ಊರಿನ ಬೀದಿಗಳನ್ನು ತಾವೇ ಸುತ್ತಿ ಅಪಾಯದ ಸ್ಥಳಗಳನ್ನು ಪಟ್ಟಿಮಾಡಿದರು: ಈ ಸೇತುವೆಯ ಬಳಿ ಹಾದಿ ಏಕಾಏಕಿ ಮುಗಿದುಹೋಗುತ್ತದೆ, ಆ ತಿರುವಿನಲ್ಲಿ ಲಾರಿಯವನಿಗೆ ಸವಾರ ಕಾಣಿಸುವುದಿಲ್ಲ, ಇಲ್ಲಿ ನಿಂತ ಕಾರುಗಳ ಬಾಗಿಲು ಹಾದಿಗೆ ತೆರೆದುಕೊಳ್ಳುತ್ತದೆ. ಇಂಥ ಪಟ್ಟಿಗಳನ್ನು ಹಿಡಿದು ನಗರಸಭೆಯ ಎಂಜಿನಿಯರುಗಳ ಮುಂದೆ ಕುಳಿತರು. ಸಭೆಗಳಲ್ಲಿ ಕೂಗಾಡಿದವರಿಗಿಂತ ಈ ಪಟ್ಟಿ ಮಾಡಿದವರಿಂದ ಹೆಚ್ಚು ಕೆಲಸವಾಯಿತೆಂದು ನಮಗೆ ತೋರುತ್ತದೆ. ಕಚೇರಿಯ ನಕ್ಷೆಯಲ್ಲಿ ಕಾಣದ ಸಂಗತಿ ದಿನವೂ ಅಲ್ಲಿ ಓಡಾಡುವವನಿಗೆ ಗೊತ್ತಿರುತ್ತದೆ. ಸ್ಥಳೀಯ ಚಳವಳಿಯ ಶಕ್ತಿಯೆಲ್ಲ ಈ ಬಗೆಯ ಅರಿವಿನಲ್ಲಿದೆ.

ಪ್ರತ್ಯೇಕ ಹಾದಿಯೇ ಬೇಕೆಂಬುದು ಬೈಸಿಕಲ್ ಸವಾರರ ಸಹಜವಾದ ಬೇಡಿಕೆಯೆಂದು ತಿಳಿಯಬಾರದು. ಇಂಗ್ಲೆಂಡಿನ ಉದಾಹರಣೆ ಬೇರೆಯಾಗಿದೆ. ಲಂಡನ್ನಿನ ಪಶ್ಚಿಮದ ವೆಸ್ಟರ್ನ್ ಅವೆನ್ಯೂ ರಸ್ತೆಯ ಪಕ್ಕದಲ್ಲಿ ಬೈಸಿಕಲ್ಲುಗಳಿಗಾಗಿಯೇ ಮಾಡಿದ ಹಾದಿಯನ್ನು ಸಾರಿಗೆ ಸಚಿವ ಲೆಸ್ಲಿ ಹೋರ್-ಬೆಲಿಷಾ 1934ರ ಡಿಸೆಂಬರಿನಲ್ಲಿ ಉದ್ಘಾಟಿಸಿದಾಗ ಅದನ್ನು ಅತ್ಯಂತ ತೀವ್ರವಾಗಿ ವಿರೋಧಿಸಿದವರು ಬೈಸಿಕಲ್ ಸವಾರರ ಸಂಘದವರೇ. ಇಂದು ಪಕ್ಕದ ಹಾದಿಯನ್ನು ಕೊಟ್ಟವರು ನಾಳೆ ಮುಖ್ಯ ರಸ್ತೆಯಿಂದ ಹೊರಗೆ ಹಾಕುವರೆಂಬುದು ಅವರ ಶಂಕೆ. ಶಂಕೆ ನಿರಾಧಾರವಾಗಿರಲಿಲ್ಲ, ಜರ್ಮನಿಯಲ್ಲಿ ಅದೇ ದಶಕದಲ್ಲಿ ಹಾದಿಯಿದ್ದೆಡೆ ಅದನ್ನೇ ಬಳಸಬೇಕೆಂದು ಕಡ್ಡಾಯಮಾಡಲಾಯಿತು. ಆದರೆ ಪರಿಣಾಮವನ್ನು ನೋಡಿದರೆ, ರಸ್ತೆಯ ಹಕ್ಕನ್ನು ಉಳಿಸಿಕೊಂಡ ಇಂಗ್ಲಿಷ್ ಸವಾರರು ಕ್ರಮೇಣ ರಸ್ತೆಯನ್ನೇ ಕಳೆದುಕೊಂಡರು. ಡಚ್ ಚಳವಳಿ ಈ ಇಕ್ಕಟ್ಟಿನಿಂದ ಬಹುಮಟ್ಟಿಗೆ ಪಾರಾಯಿತು. ಅದರ ಮುಂದೆ ಇದ್ದುದು ಸಮರ್ಥ ಸವಾರನ ಹಕ್ಕಿನ ಪ್ರಶ್ನೆಯಲ್ಲ, ಎಂಟು ವರ್ಷದ ಮಗು ಒಂಟಿಯಾಗಿ ಶಾಲೆಗೆ ಹೋಗಿ ಬರಬಹುದೇ ಎಂಬ ಪ್ರಶ್ನೆ. ಆ ಮಗುವನ್ನು ಲಾರಿಗಳ ನಡುವೆ ಹಕ್ಕು ಚಲಾಯಿಸೆಂದು ಹೇಳುವವರು ಯಾರೂ ಇರಲಾರರು.

ನಗರಸಭೆಗಳ ಕಡೆಗೆ ಬರೋಣ. ಡೆಲ್ಫ್ಟ್ ಪಟ್ಟಣದಲ್ಲಿ 1960ರ ದಶಕದ ಕೊನೆಯಿಂದಲೇ ಕೆಲವು ವಸತಿ ಬೀದಿಗಳನ್ನು ಹೊಸ ರೀತಿಯಲ್ಲಿ ಏರ್ಪಡಿಸಿದ್ದರು. ಪಾದಚಾರಿಗಳ ಕಟ್ಟೆಯನ್ನು ತೆಗೆದು ಬೀದಿಯನ್ನು ಒಂದೇ ಸಮವಾಗಿ ಮಾಡಿ, ಮರಗಳನ್ನೂ ತಿರುವುಗಳನ್ನೂ ಇಟ್ಟು, ಕಾರು ನಡಿಗೆಯ ವೇಗಕ್ಕಿಂತ ಮುಂದೆ ಹೋಗದಂತೆ ಮಾಡುವುದು ಇದರ ಕ್ರಮ. ಇದಕ್ಕೆ 'ವೂನ್‌ಎರ್ಫ್' ಎಂದು ಹೆಸರು. ವಾಸದ ಅಂಗಳ ಎಂದು ನಾವು ಕನ್ನಡಿಸಬಹುದು. 1976ರಲ್ಲಿ ಇದಕ್ಕೆ ಕಾನೂನಿನ ಮನ್ನಣೆ ದೊರೆಯಿತು. ಮಕ್ಕಳ ಚಳವಳಿಯವರು ಈ ಅಂಗಳಗಳನ್ನು ಊರೂರಿಗೆ ಹಬ್ಬಿಸುವುದರಲ್ಲಿ ದುಡಿದರು.

ಕೇಂದ್ರ ಸರ್ಕಾರ ಹೇಗ್ ಮತ್ತು ಟಿಲ್‌ಬುರ್ಗ್ ನಗರಗಳಲ್ಲಿ ತಲಾ ಒಂದು ಮಾದರಿ ಬೈಸಿಕಲ್ ಮಾರ್ಗವನ್ನು 1970ರ ದಶಕದ ಉತ್ತರಾರ್ಧದಲ್ಲಿ ಹಾಕಿಸಿತು. ಊರಿನ ನಡುವೆ ಹಾದುಹೋಗುವ, ಅಗಲವಾದ, ಪ್ರತ್ಯೇಕವಾದ ಹಾದಿಗಳು ಅವು. ಹೇಗ್ ನಗರದಲ್ಲಿ ಅಂಗಡಿಕಾರರು ಕಟುವಾಗಿ ಪ್ರತಿಭಟಿಸಿದರು. ಅಂಗಡಿಯ ಮುಂದೆ ಕಾರು ನಿಲ್ಲಲಾಗದಿದ್ದರೆ ವ್ಯಾಪಾರ ನಿಲ್ಲುವುದೆಂದು ಅವರ ಭಯ. ಫಲಿತಾಂಶ ಅಧಿಕಾರಿಗಳಿಗೂ ಪೂರ್ಣ ತೃಪ್ತಿ ಕೊಡಲಿಲ್ಲ. ಹೊಸ ಹಾದಿಯಲ್ಲಿ ಸವಾರರು ತುಂಬಿದರು, ಆದರೆ ಅವರಲ್ಲಿ ಬಹುಮಂದಿ ಅಕ್ಕಪಕ್ಕದ ಬೀದಿಗಳಿಂದ ಬಂದವರು. ಊರಿನಲ್ಲಿ ಒಟ್ಟು ಬೈಸಿಕಲ್ ಸಂಚಾರ ಹೆಚ್ಚಿದುದು ಅಲ್ಪ. ಒಂದು ಭವ್ಯವಾದ ಹಾದಿಯಿಂದ ಊರು ಬದಲಾಗುವುದಿಲ್ಲ ಎಂಬುದು ಹೀಗೆ ತಿಳಿದುಬಂದಿತು.

ಡೆಲ್ಫ್ಟ್ ಪಟ್ಟಣ ಈ ತಿಳಿವಳಿಕೆಯಿಂದ ಮುಂದೆ ಹೆಜ್ಜೆಯಿಟ್ಟಿತು. 1979ರಲ್ಲಿ ಅಂಗೀಕೃತವಾಗಿ 1982ರಿಂದ 1987ರವರೆಗೆ ಜಾರಿಗೆ ಬಂದ ಅದರ ಯೋಜನೆಯಲ್ಲಿ ಭವ್ಯವಾದುದು ಯಾವುದೂ ಇಲ್ಲ. ಇರುವುದು ಹಾದಿಗಳ ಒಂದು ಬಲೆ. ಇಡೀ ಊರನ್ನು ಬೆಸೆಯುವ ಮುಖ್ಯ ಹಾದಿಗಳು ಸುಮಾರು 500 ಮೀಟರುಗಳಿಗೊಂದು, ಬಡಾವಣೆಯೊಳಗಿನ ಹಾದಿಗಳು 200ರಿಂದ 300 ಮೀಟರುಗಳಿಗೊಂದು, ಕೇರಿಯೊಳಗಿನವು ಇನ್ನೂ ಒತ್ತೊತ್ತಾಗಿ. ಇದ್ದ ಹಾದಿಗಳನ್ನು ಕೂಡಿಸುವುದೇ ಮುಖ್ಯ ಕೆಲಸ: ಇಲ್ಲೊಂದು ಸಣ್ಣ ಸೇತುವೆ, ಅಲ್ಲೊಂದು ಸುರಂಗ, ಮತ್ತೊಂದೆಡೆ ಏಕಮುಖ ಬೀದಿಯಲ್ಲಿ ಬೈಸಿಕಲ್ಲಿಗೆ ಎದುರು ಬರಲು ಅನುಮತಿ. ಯೋಜನೆ ಮುಗಿದ ಮೇಲೆ ಪಟ್ಟಣದ ಒಟ್ಟು ಪಯಣಗಳಲ್ಲಿ ಬೈಸಿಕಲ್ಲಿನ ಪಾಲು ಶೇಕಡಾ 40ರಿಂದ 43ಕ್ಕೆ ಏರಿತು. ಏರಿಕೆ ಚಿಕ್ಕದು. ಆದರೆ ಬೇರೆಡೆಗಳಲ್ಲಿ ಇಳಿಮುಖವಾಗಿದ್ದುದು ಇಲ್ಲಿ ಮೇಲ್ಮುಖವಾಯಿತೆಂಬುದನ್ನು ಗಮನಿಸಬೇಕು.

ಉತ್ತರದ ಗ್ರೊನಿಂಗೆನ್ ನಗರದ ವೃತ್ತಾಂತ ನಮ್ಮ ವಾದಕ್ಕೆ ಸ್ವಲ್ಪ ಎಡವುವಂಥದು, ಆದರೂ ಹೇಳಬೇಕು. ಅಲ್ಲಿ ಬೀದಿಯ ಚಳವಳಿಗಿಂತ ನಗರಸಭೆಯೊಳಗಿನ ತರುಣ ಸಮಾಜವಾದಿಗಳೇ ಮುಂದಾದರು. ಅವರ ಮುಖಂಡ ಮಾಕ್ಸ್ ಫಾನ್ ಡೆನ್ ಬೆರ್ಗ್ ಆಗಿನ್ನೂ ಇಪ್ಪತ್ತರ ಹರೆಯದಲ್ಲಿದ್ದ. ನಗರದ ಕೇಂದ್ರವನ್ನು ನಾಲ್ಕು ಭಾಗಗಳಾಗಿ ವಿಂಗಡಿಸಿ, ಒಂದು ಭಾಗದಿಂದ ಇನ್ನೊಂದಕ್ಕೆ ಕಾರು ನೇರವಾಗಿ ಹೋಗಲಾರದಂತೆ, ಹೊರಗಿನ ವರ್ತುಲ ರಸ್ತೆಯನ್ನು ಬಳಸಿಯೇ ಹೋಗುವಂತೆ ಅವರು ಏರ್ಪಡಿಸಿದರು. ಬೈಸಿಕಲ್ಲಿಗೆ ಈ ಗಡಿಗಳಿಲ್ಲ. 1977ರ ಸೆಪ್ಟೆಂಬರ್ 19ರಂದು ಊರಿನ ಏಕಮುಖ ಸಂಚಾರದ ಫಲಕಗಳು ಒಮ್ಮೆಲೇ ಬದಲಾದವು. ಬೆಳಗ್ಗೆ ಎದ್ದ ಕಾರಿನವರಿಗೆ ದಿಕ್ಕು ತಪ್ಪಿತು. ವ್ಯಾಪಾರಿಗಳ ಕೋಪ ಬಹುಕಾಲ ಉಳಿಯಿತು. ಜನರ ಒತ್ತಾಯಕ್ಕಿಂತ ಅಧಿಕಾರಸ್ಥರ ನಿಶ್ಚಯ ಮುಂದೆ ಹೋದ ಈ ಪ್ರಸಂಗವನ್ನು ಸಾಮಾನ್ಯ ಸೂತ್ರದೊಳಗೆ ಬಲವಂತವಾಗಿ ತುರುಕುವುದು ಸರಿಯಲ್ಲ. ಇದರಲ್ಲಿಯೂ ನಿರ್ಣಯ ಆದುದು ಊರಿನ ಮಟ್ಟದಲ್ಲಿ, ಹೇಗ್‌ನ ಸಚಿವಾಲಯದಲ್ಲಿ ಅಲ್ಲ ಎಂಬಷ್ಟನ್ನು ಮಾತ್ರ ಹೇಳಬಹುದು.

ಆಮ್‌ಸ್ಟರ್‌ಡಾಮಿನಲ್ಲಿ ಎರಡೂ ಪ್ರವಾಹಗಳು ಕೂಡಿದವು. 1978ರ ನಗರಸಭೆಯ ಚುನಾವಣೆಯ ತರುವಾಯ ಸಂಚಾರದ ಖಾತೆ ಮಿಖೇಲ್ ಫಾನ್ ಡರ್ ಫ್ಲಿಸ್ ಎಂಬ ಸದಸ್ಯನ ಕೈಗೆ ಬಂದಿತು. ಅದೇ ವರ್ಷ ಅಂಗೀಕೃತವಾದ ಸಂಚಾರ ಯೋಜನೆ ನಗರದ ಕೇಂದ್ರದಲ್ಲಿ ಕಾರಿಗಿಂತ ಬೈಸಿಕಲ್ಲಿಗೆ, ಟ್ರಾಮಿಗೆ, ಪಾದಚಾರಿಗೆ ಆದ್ಯತೆಯನ್ನು ಕೊಟ್ಟಿತು. ಶಾಖೆಯವರು ವರ್ಷಗಳಿಂದ ಹಿಡಿದು ಕುಳಿತಿದ್ದ ಪಟ್ಟಿಗಳಿಗೆ ಕಚೇರಿಯಲ್ಲಿ ಈಗ ಓದುಗರು ದೊರೆತರು. ಡ ಪೈಪ್ ಉಳಿಯಿತು. ಯೋಕಿನೆನ್‌ನ ರಸ್ತೆ ಕಾಗದದಲ್ಲಿಯೇ ನಿಂತಿತು.

ಫಲವನ್ನು ಅಳೆಯುವಾಗ ಎಚ್ಚರ ಬೇಕು. 1971ರಲ್ಲಿ 400ಕ್ಕೂ ಮಿಕ್ಕಿದ್ದ ಮಕ್ಕಳ ಸಾವು 2010ರಲ್ಲಿ 14ಕ್ಕೆ ಇಳಿದಿತ್ತು. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಎಲ್ಲವೂ ಬೈಸಿಕಲ್ ಹಾದಿಯ ಮಹಿಮೆಯೆಂದು ಹೇಳುವವರಿದ್ದಾರೆ. ಆದರೆ 1974ರಲ್ಲಿ ಕುಡಿದು ವಾಹನ ನಡೆಸುವುದರ ವಿರುದ್ಧ ರಕ್ತಪರೀಕ್ಷೆಯ ಕಾನೂನು ಬಂದಿತು. ಅದೇ ವರ್ಷ ಹೆದ್ದಾರಿಗಳಿಗೆ ವೇಗದ ಮಿತಿ ಬಂದಿತು. 1975ರಲ್ಲಿ ಕಾರಿನ ಮುಂದಿನ ಆಸನಗಳಿಗೆ ಪಟ್ಟಿ ಕಡ್ಡಾಯವಾಯಿತು. 1983ರಿಂದ ವಸತಿ ಪ್ರದೇಶಗಳಲ್ಲಿ ಗಂಟೆಗೆ 30 ಕಿಲೋಮೀಟರಿನ ವಲಯಗಳು ಏರ್ಪಟ್ಟವು. ವೈದ್ಯಕೀಯ ಚಿಕಿತ್ಸೆ ಸುಧಾರಿಸಿತು. ಯಾವುದರ ಪಾಲು ಎಷ್ಟೆಂದು ತೂಗಿ ಹೇಳಲು ಬರುವುದಿಲ್ಲ. ಇವುಗಳಲ್ಲಿ ಹಲವು ಕ್ರಮಗಳಿಗೆ ಜನಮತವನ್ನು ಹದಮಾಡಿದುದು ಅದೇ ಪಾಲಕರ ಚಳವಳಿ ಎಂಬುದನ್ನೂ ಮರೆಯುವಂತಿಲ್ಲ. ಇತ್ತೀಚಿನ ಅಂಕಿಗಳು ಬೇರೊಂದು ಚಿತ್ರವನ್ನು ಕೊಡುತ್ತವೆ. 2017ರಲ್ಲಿ ಮೊದಲ ಬಾರಿಗೆ ಆ ದೇಶದ ರಸ್ತೆಗಳಲ್ಲಿ ಸತ್ತ ಬೈಸಿಕಲ್ ಸವಾರರು (206) ಕಾರಿನಲ್ಲಿ ಸತ್ತವರನ್ನು (201) ಮೀರಿದರು. ಆ ಸವಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 65 ವರ್ಷ ದಾಟಿದವರು. 1972ರಲ್ಲಿ ಮಕ್ಕಳ ಪರವಾಗಿ ಕೇಳಿದ ಪ್ರಶ್ನೆಯನ್ನು ಈಗ ವೃದ್ಧರ ಪರವಾಗಿ ಕೇಳಬೇಕಾಗಿ ಬಂದಿದೆ.

ಚಳವಳಿ ಸ್ಥಳೀಯವೆಂದರೆ ಎಷ್ಟು ಸ್ಥಳೀಯವಾಗಿರಬಲ್ಲದು ಎಂಬುದಕ್ಕೆ ಒಂದು ಪ್ರಸಂಗವನ್ನು ಹೇಳಬೇಕು. ಆಮ್‌ಸ್ಟರ್‌ಡಾಮಿನ ರೈಕ್ಸ್ ವಸ್ತುಸಂಗ್ರಹಾಲಯವನ್ನು 1885ರಲ್ಲಿ ತೆರೆದಾಗ ವಾಸ್ತುಶಿಲ್ಪಿ ಪಿಯರ್ ಕೈಪರ್ಸ್ ಅದರ ನಡುವೆ, ಕಟ್ಟಡದ ಕೆಳಗೆ, ಒಂದು ಮಾರ್ಗವನ್ನು ಬಿಟ್ಟಿದ್ದ. ನಗರದ ದಕ್ಷಿಣಕ್ಕೂ ಮಧ್ಯಭಾಗಕ್ಕೂ ಅದು ಹೆಬ್ಬಾಗಿಲಿನಂತಿತ್ತು. ತಲೆಮಾರುಗಳಿಂದ ಬೈಸಿಕಲ್ ಸವಾರರು ರೆಂಬ್ರಾಂಟನ ಚಿತ್ರಗಳ ಕೆಳಗೆ ಹಾದು ಕೆಲಸಕ್ಕೆ ಹೋಗುತ್ತಿದ್ದರು. 2003ರಲ್ಲಿ ದುರಸ್ತಿಗಾಗಿ ಸಂಗ್ರಹಾಲಯವನ್ನು ಮುಚ್ಚಿದಾಗ ಹೊಸ ವಿನ್ಯಾಸ ಈ ಮಾರ್ಗದೊಳಗೆ ಪ್ರವೇಶದ್ವಾರವನ್ನು ಇರಿಸಿ ಸವಾರರಿಗೆ ಉಳಿಯುವ ಎಡೆಯನ್ನು ಕಿರಿದುಮಾಡಲು ಹೊರಟಿತು. ಸಂಗ್ರಹಾಲಯದ ಆಡಳಿತದವರು ಬೈಸಿಕಲ್ಲುಗಳನ್ನು ಅಲ್ಲಿಂದ ತೆಗೆಯಲು ಬಯಸಿದರು. ಫೀಟ್ಸರ್ಸ್‌ಬೊಂಡಿನ ಆಮ್‌ಸ್ಟರ್‌ಡಾಮ್ ಶಾಖೆ ಮತ್ತು ನೆರೆಯ ನಿವಾಸಿಗಳು ಬಿಡಲಿಲ್ಲ. ಪ್ರೇಕ್ಷಕರಿಗೆ ಅಪಾಯವಾಗುವುದೆಂದು ಒಂದು ಪಕ್ಷ, ನೂರು ವರ್ಷದ ದಾರಿ ದಾರಿಯೇ ಎಂದು ಇನ್ನೊಂದು ಪಕ್ಷ. ವಿನ್ಯಾಸ ತಿದ್ದುಪಡಿಯಾಯಿತು, ವಾದ ಮುಗಿಯಲಿಲ್ಲ. 2013ರ ಏಪ್ರಿಲ್ ತಿಂಗಳಿನಲ್ಲಿ ಸಂಗ್ರಹಾಲಯ ಮತ್ತೆ ತೆರೆದಾಗಲೂ ಬೈಸಿಕಲ್ಲುಗಳಿಗೆ ಆ ಮಾರ್ಗ ಮುಚ್ಚಿಯೇ ಇತ್ತು. ಒಂದು ತಿಂಗಳ ಮೇಲೆ, ಮೇ ತಿಂಗಳಿನಲ್ಲಿ, ನಗರಸಭೆಯ ತೀರ್ಮಾನದಂತೆ ಅಡ್ಡಗಟ್ಟೆ ತೆಗೆದರು. ಆ ದಿನದಿಂದ ಸವಾರರು ಮತ್ತೆ ಆ ಕಮಾನುಗಳ ಕೆಳಗೆ ಹಾದುಹೋಗುತ್ತಿದ್ದಾರೆ.